ಲೆಕ್ಕದ ಜಗಲಿಯ ಸರ್ವಾನುಮತ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ವರ್ಗಮೂಲದ ಚಿಹ್ನೆ. ಅದರ ತಲೆಯ ಮೇಲೆ ಒಂದು ಗೆರೆ ಇರುತ್ತದಲ್ಲ, ಆ ಗೆರೆಯನ್ನು ಕಂಪ್ಯೂಟರಿನಲ್ಲಿ ಎಳೆಯುವುದು ಹೇಗೆ ಎಂಬುದು ‘ಲೆಕ್ಕದ ಜಗಲಿ’ಯವರಿಗೆ ಎರಡು ವರ್ಷದಿಂದ ಬಗೆಹರಿಯದ ಸಮಸ್ಯೆಯಾಗಿತ್ತು.

ಲೆಕ್ಕದ ಜಗಲಿ ಎಂದರೆ ಚೆನ್ನೈನ ಕನ್ನಡಿಗರು ಅಂತರ್ಜಾಲದಲ್ಲಿ ಕಟ್ಟಿಕೊಂಡ ಒಂದು ತಾಣ. ಗಣಿತದ ಸಮಸ್ಯೆ ಹಾಕುವುದು, ಬಿಡಿಸುವುದು, ಬಿಡಿಸಿದವರ ತಪ್ಪು ಹುಡುಕಿ ಸಂತೋಷಪಡುವುದು, ಇಷ್ಟೇ ಅಲ್ಲಿಯ ಕಸುಬು. ಸದಸ್ಯರು ಇನ್ನೂರ ಹದಿನಾಲ್ಕು. ಎಲ್ಲ ಇತ್ತು, ಆದರೆ ಅಲ್ಲಿಯ ಎಡಿಟರಿಗೆ, ಅಂದರೆ ಟೈಪ್ ಮಾಡುವ ಚೌಕಕ್ಕೆ, ಗಣಿತವೇ ಬರುತ್ತಿರಲಿಲ್ಲ. ವರ್ಗಮೂಲ ಹಾಕಿದರೆ ಖಾಲಿ ಚೌಕ ಕಾಣುತ್ತಿತ್ತು. ಘಾತದ ಎರಡನ್ನು ಮೇಲೆ ಕೂರಿಸಿದರೆ ಅದು ಜಾರಿ ಕೆಳಗೆ ಬಂದು ಪಕ್ಕದವರ ಜೊತೆ ಸೇರಿಬಿಡುತ್ತಿತ್ತು.

ಹಾಗಾಗಿ ಜಗಲಿಯವರು ಒಂದು ದಾರಿ ಕಂಡುಕೊಂಡಿದ್ದರು. ಕಾಗದದ ಮೇಲೆ ಲೆಕ್ಕ ಬಿಡಿಸಿ, ಫೋಟೋ ತೆಗೆದು, ಒಬ್ಬ ಮನುಷ್ಯನಿಗೆ ಕಳಿಸುವುದು. ಆತ ತನ್ನ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿ, ಚಿತ್ರ ಮಾಡಿ ಜಗಲಿಗೆ ಹಾಕುವುದು. ಆ ಒಬ್ಬ ಮನುಷ್ಯ ಶಿವರಂಜನ್.

ಶಿವರಂಜನ್‌ಗೆ ನಲವತ್ತಮೂರು ವರ್ಷ. ಮನೆ ಅಣ್ಣಾ ನಗರದಲ್ಲಿ, ನೌಕರಿ ಒಂದು ವಿಮಾ ಕಚೇರಿಯಲ್ಲಿ. ಒಳ್ಳೆಯವನು. ‘ಆಗಲ್ಲ’ ಎಂಬ ಮಾತು ಅವನ ಗಂಟಲವರೆಗೆ ಬಂದು ಅಲ್ಲಿಂದ ‘ಆಗಲಿ’ ಆಗಿ ಹೊರಬರುತ್ತಿತ್ತು. ದಿನಾ ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಕಂಡವರ ಲೆಕ್ಕ ಟೈಪ್ ಮಾಡುವುದೇ ಅವನ ಪಾಡಾಗಿತ್ತು. ಹೆಂಡತಿ ಶಿಲ್ಪಶ್ರೀ ಅವನ ಬೆನ್ನು ನೋಡುತ್ತ ಊಟ ಮಾಡುತ್ತಿದ್ದಳು.

ಶನಿವಾರ ಅವಳು ಹೇಳಿಯೇಬಿಟ್ಟಳು. “ನಿಮ್ಮ ಬೆನ್ನು ನಂಗೆ ಬಾಯಿಪಾಠ ಆಗಿದೆ ಕಣ್ರೀ. ಮುಖ ಮರೆತುಹೋಗೋದ್ರೊಳಗೆ ಆ ಎಡಿಟರ್‌ದು ಏನಾದ್ರೂ ಒಂದು ತೀರ್ಮಾನ ಮಾಡ್ಕೊಂಡು ಬನ್ನಿ. ಟವರ್ ಪಾರ್ಕಿಗೆ ಹೋಗಿ ಕಡಲೆ ಸುಂಡಲ್ ತಿಂದು ಎಷ್ಟು ದಿನ ಆಯ್ತು, ಲೆಕ್ಕ ಇದೆಯಾ?”

ನಗುತ್ತಲೇ ಹೇಳಿದ್ದಳು. ಆದರೆ ಕಣ್ಣು ನಗುತ್ತಿರಲಿಲ್ಲ.  ಶಿವರಂಜನ್‌ಗೂ ತನ್ನ ಸಂಜೆಗಳು ಬೇಕಿದ್ದವು.

ಪುಣ್ಯಕ್ಕೆ ಕಾಲ ಕೂಡಿಬಂದಿತ್ತು. ಜಗಲಿಯ ತಾಣವನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಅಜಯ್ ಎರಡು ಸಲಕರಣೆ ಹುಡುಕಿದ್ದ. ಯಾವುದನ್ನು ಜೋಡಿಸಿದರೂ ಗುಂಡಿ ಒತ್ತಿದ ಕೂಡಲೆ ವರ್ಗಮೂಲ, ಭಿನ್ನರಾಶಿ, ಘಾತ ಎಲ್ಲ ಎಡಿಟರಿನಲ್ಲಿ ತಾವಾಗಿ ಮೂಡುತ್ತಿದ್ದವು. ಅವರವರ ಲೆಕ್ಕವನ್ನು ಅವರವರೇ ಬರೆದುಕೊಳ್ಳಬಹುದಿತ್ತು. ಮಾದರಿಗೆಂದು ಶಿವರಂಜನ್ ಟೈಪ್ ಮಾಡಿ ಕೊಟ್ಟಿದ್ದ ವರ್ಗಸಮೀಕರಣದ ಸೂತ್ರ ಎರಡರಲ್ಲೂ ಹೇಗೆ ಕಾಣುತ್ತದೆಂದು ತೋರಿಸಲು ಶನಿವಾರ ಎರಡು ಚಿತ್ರ ಕಳಿಸಿ ಹೇಳಿದ್ದ: “ಸರ್, ಕೂದಲೆಳೆ ವ್ಯತ್ಯಾಸ ಅಷ್ಟೇ. ಸಂಡೇ ಒಳಗೆ ಒಂದು ಸೆಲೆಕ್ಟ್ ಮಾಡಿ ಹೇಳ್ಬಿಡಿ. ಮಂಡೇ ನಾನು ಕೊಯಮತ್ತೂರು ಪ್ರಾಜೆಕ್ಟ್‌ಗೆ ಹೋದ್ರೆ ಆರು ತಿಂಗಳು ಸಿಗಲ್ಲ.”

ಒಂದನ್ನು ಆರಿಸುವುದು ಸುಲಭವೆಂದು ನೀವು ಅಂದುಕೊಳ್ಳಬಹುದು. ಜಗಲಿಯ ನಿಯಮ ನಿಮಗೆ ಗೊತ್ತಿಲ್ಲ. ಅದರ ಹಿಂದಿದ್ದದ್ದು ನಲವತ್ತು ವರ್ಷದ ಹಳೆಯ ಕನ್ನಡ ಸಂಘ. ಆ ಸಂಘದಲ್ಲಿ ಯಾವ ತೀರ್ಮಾನವಾದರೂ ಸರ್ವಾನುಮತದಿಂದಲೇ ಆಗಬೇಕು. ಸಭೆಗೆ ಬಂದವರಲ್ಲಿ ಒಬ್ಬರು ಮುಖ ತಿರುಗಿಸಿದರೂ ತೀರ್ಮಾನ ಬಿತ್ತು. ಎಲ್ಲರೂ ಒಪ್ಪಿ ಪುಸ್ತಕದಲ್ಲಿ ಸಹಿ ಹಾಕಿದರೋ, ಮುಗಿಯಿತು, ಒಂದು ವರ್ಷ ಅದನ್ನು ಬ್ರಹ್ಮ ಬಂದರೂ ಮುಟ್ಟುವಂತಿಲ್ಲ.

ಭಾನುವಾರ ಸಂಜೆ ಐದಕ್ಕೆ ಸಭೆ. ಬೆಳಿಗ್ಗೆ ಶಿವರಂಜನ್ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಫೋನು ಹಿಡಿದು ಜಗಲಿಯ ವಾಟ್ಸಾಪ್ ಗುಂಪಿಗೆ ಎರಡು ಚಿತ್ರ ಹಾಕಿದ. ಒಂದಕ್ಕೆ ‘ಎ’ ಎಂದು ಹೆಸರಿಟ್ಟ, ಇನ್ನೊಂದಕ್ಕೆ ‘ಬಿ’. ‘ಯಾವುದು ಚೆನ್ನಾಗಿ ಕಾಣುತ್ತದೆ ನೋಡಿ ಹೇಳಿ’ ಎಂದು ಬರೆದ. ಹಾಕಿದ ಮೇಲೆ ತಾನೂ ನೋಡಿದ. ಎರಡೂ ಒಂದೇ ಥರ ಕಂಡವು. ಕೂದಲೆಳೆ ವ್ಯತ್ಯಾಸ ಎಂದು ಅಜಯ್ ಹೇಳಿದ್ದು ನೆನಪಾಗಿ ಸುಮ್ಮನಾದ.

ಕಾಫಿ ಮುಗಿಯುವ ಮುಂಚೆ ಫೋನು ಬಂತು. ಮುರಿಗೆಪ್ಪನವರು. ರಾಯಪುರಂನಲ್ಲಿ ಬಂದರಿನ ಹತ್ತಿರ ಹಗ್ಗ, ಟಾರ್ಪಾಲಿನ್ ಅಂಗಡಿ. ಎಪ್ಪತ್ತೆರಡು ವರ್ಷ. ಐವತ್ತು ವರ್ಷದಿಂದ ಚೆನ್ನೈನಲ್ಲಿದ್ದರೂ ನಾಲಿಗೆ ಮಾತ್ರ ಬಾಗಲಕೋಟೆಯಲ್ಲೇ ಉಳಿದಿತ್ತು.

“ತಮ್ಮಾ, ಎ ನೋಡಿದ್ಯೇನು? ವರ್ಗಮೂಲದ ಗೆರಿ ಹೆಂಗ ಪೂರಾ ಮುಚ್ಚೇತಿ ನೋಡು, ಲಾರಿ ಮ್ಯಾಲೆ ಟಾರ್ಪಾಲಿನ್ ಬಿಗಿದಂಗ! ಬಿ ಒಳಗ ತುದಿ ಬಿಟ್ಟಾರ. ಮಳಿ ಬಂತಂದ್ರ ಒಳಗಿನ ಅಂಕಿ ಎಲ್ಲಾ ತೊಯ್ದು ಹೋಗ್ತಾವ. ಎ ಮಾಡ್ಸು, ಬ್ಯಾರೆ ಮಾತಿಲ್ಲ.”

“ಆಗಲಿ ಕಾಕಾ,” ಎಂದ ಶಿವರಂಜನ್.

ಎರಡನೆಯ ಫೋನು ಕೃಷ್ಣರಾಜರದು. ಎಗ್ಮೋರ್ ಸ್ಟೇಷನ್ ಎದುರಿಗೆ ಅವರ ಸಸ್ಯಾಹಾರಿ ಹೋಟೆಲು. ಅಜ್ಜನ ಕಾಲದಲ್ಲಿ ಕುಂದಾಪುರದ ಕಡೆಯಿಂದ ಬಂದವರು.

“ಎಂತದು ಮಾರಾಯ್ರೆ, ಮುರಿಗೆಪ್ಪನವರು ಎ ಅಂತ ಹೇಳ್ತಾ ಇದ್ದಾರಂತಲ್ಲ! ಬಿ ನೋಡಿ ನೀವು. ಮೇಲಿನ ಅಂಕೆ, ಕೆಳಗಿನ ಅಂಕೆ, ಮಧ್ಯ ಆ ಗೆರೆ, ಬಾಳೆಎಲೆಯ ನಡುದಂಟಿನ ಹಾಗೆ ಉಂಟು. ಎಯಲ್ಲಿ ಗೆರೆ ಒಂದು ಬದಿಗೆ ವಾಲಿದೆ. ಅಂಥಾ ಎಲೆಗೆ ಸಾರು ಬಡಿಸಿದ್ರೆ ಸೀದ ಮಡಿಲಿಗೇ ಬರುದು. ಬಿ ಮಾಡಿ, ಆಯ್ತಾ?”

“ಆಗಲಿ ಅಣ್ಣ,” ಎಂದ ಶಿವರಂಜನ್.

ಹತ್ತು ಗಂಟೆಗೆ ಗುಂಪಿನಲ್ಲಿ ನೂರ ಹನ್ನೆರಡು ಮಾತು ಬಂದಿದ್ದವು. ಎರಡು ವರ್ಷದಲ್ಲಿ ಒಂದು ಕೂಡುವ ಲೆಕ್ಕವನ್ನೂ ಮಾಡದವರು ವರ್ಗಮೂಲದ ಸೌಂದರ್ಯದ ಬಗ್ಗೆ ಬರೆದಿದ್ದರು. ಕಿಲ್ಪಾಕ್‌ನ ಕೌಸಲ್ಯಾ ಅವರಿಗೆ ಎ ನೋಡಿದ ಮೇಲೆ ಅರೆತಲೆನೋವು ಶುರುವಾಗಿತ್ತು. ರಾಯಪುರಂ ಕಡೆಯವರೊಬ್ಬರು, ಬಿ ಚಿತ್ರವನ್ನು ಯಾರ ಕುಮ್ಮಕ್ಕಿನಿಂದ ಹಾಕಲಾಯಿತೆಂದು ವಿಚಾರಣೆ ಆಗಲಿ ಎಂದಿದ್ದರು. ಮಧ್ಯಾಹ್ನದೊಳಗೆ ಬಯಲುಸೀಮೆಯವರೆಲ್ಲ ಎ, ಕರಾವಳಿಯವರೆಲ್ಲ ಬಿ ಎಂದು ಹಂಚಿಹೋದರು.

ಶಿವರಂಜನ್‌ಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಇಷ್ಟು ಜನಕ್ಕೆ ಕಾಣುವುದು ತನಗೆ ಯಾಕೆ ಕಾಣುತ್ತಿಲ್ಲ? ಎ ತೆರೆದು ನೋಡಿದ. ಬಿ ತೆರೆದು ನೋಡಿದ. ಎರಡನ್ನೂ ಹಿಗ್ಗಿಸಿ ನೋಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಫೋನನ್ನು ತಲೆಕೆಳಗು ಮಾಡಿಯೂ ನೋಡಿದ. ಟಾರ್ಪಾಲಿನ್ ತುದಿ ಬಿಟ್ಟದ್ದಾಗಲಿ, ಬಾಳೆಎಲೆ ವಾಲಿದ್ದಾಗಲಿ ಅವನಿಗೆ ಕಾಣಲಿಲ್ಲ.

ಒಗ್ಗರಣೆ ಹಾಕುತ್ತಿದ್ದ ಶಿಲ್ಪಶ್ರೀಗೆ ತೋರಿಸಿದ. ಅವಳು ಸೌಟು ಹಿಡಿದೇ ಬಗ್ಗಿ ನೋಡಿದಳು. “ಎರಡೂ ಒಂದೇ ಅಲ್ವೇನ್ರೀ?”

“ನಿಂಗೆ ಸೂಕ್ಷ್ಮ ಗೊತ್ತಾಗಲ್ಲ ಬಿಡು. ಇದು ಗಣಿತ.”

“ಸರಿ ಸ್ವಾಮಿ,” ಎಂದು ಅವಳು ಒಗ್ಗರಣೆಗೆ ತಿರುಗಿಕೊಂಡಳು.

ಆಗ ಗುಂಪಿನಲ್ಲಿ ಅಣ್ಣಾ ನಗರದ ಕನ್ನಡಕದಂಗಡಿ ವೆಂಕಟೇಶನ ತೀರ್ಪು ಬಂತು: ‘ಮೂವತ್ತು ವರ್ಷ ಕಣ್ಣು ನೋಡಿದ ಅನುಭವದಿಂದ ಹೇಳುತ್ತಿದ್ದೇನೆ. ಬಿಯಲ್ಲಿ ಅಕ್ಷರ ಎಗಿಂತ ಕಾಲು ಮಿಲಿಮೀಟರ್ ದಪ್ಪ. ಈ ವ್ಯತ್ಯಾಸ ಕಾಣದವರು ಅಲಕ್ಷ್ಯ ಮಾಡದೆ ಕೂಡಲೇ ಕಣ್ಣು ತೋರಿಸಿಕೊಳ್ಳಿ.’

ಶಿವರಂಜನ್ ಅದನ್ನು ಎರಡು ಸಲ ಓದಿದ. ಅವನ ಅಪ್ಪನಿಗೂ ಐವತ್ತರೊಳಗೇ ಕಣ್ಣಿಗೆ ಪೊರೆ ಬಂದಿತ್ತು. ಎರಡು ವರ್ಷ ಕಂಡವರ ಕೈಬರಹ ನೋಡಿ ನೋಡಿ ತನ್ನ ಕಣ್ಣೂ ಹೋಯಿತೆಂದು ಅವನಿಗೆ ಖಾತ್ರಿಯಾಯಿತು. ಊಟದ ತಟ್ಟೆ ಬಿಟ್ಟು ಅಂಗಡಿಗೆ ಓಡಿದ.

ವೆಂಕಟೇಶ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಹೇರಿದ. ಗಾಜು ಬದಲಾಯಿಸುತ್ತ ಕೇಳಿದ, “ಇದು ಚೆನ್ನಾಗಿ ಕಾಣುತ್ತಾ, ಇದಾ?”

“ಎರಡೂ ಒಂದೇ ಥರ ಕಾಣುತ್ತೆ.”

“ಅಯ್ಯೋ ಪಾವಂ!” ವೆಂಕಟೇಶ ತಮಿಳಿನಲ್ಲೇ ಮರುಗುತ್ತ ಲೊಚಗುಟ್ಟಿದ. ಇನ್ನೊಂದು ಗಾಜು ಹಾಕಿದ. “ಈಗ?”

“ಒಂದೇ ಥರ.”

“ಇದು ಸುಮಾರು ದಿನದಿಂದ ಇರೋ ತೊಂದರೆ ಕಣಪ್ಪ. ನೀನು ಮೊದಲೇ ಬರಬೇಕಿತ್ತು.” ಶಿವರಂಜನ್‌ನ ಫೋನನ್ನೇ ಎದುರಿಗಿಟ್ಟು ಮೂರನೆಯ ಗಾಜು ಹಾಕಿದ. ನಾಲ್ಕನೆಯದನ್ನು ಹಾಕಿದ. “ಈಗ ಹೇಳು, ಬಿ ದಪ್ಪ ಕಾಣುತ್ತಾ ಇಲ್ವಾ?”

ಹೊಟ್ಟೆ ಹಸಿದಿತ್ತು. ಮೂಗು ನೋಯುತ್ತಿತ್ತು. ಹಿಂದೆ ಮೂವರು ಗಿರಾಕಿಗಳು ನಿಂತು ಅವನನ್ನು ಮರುಕದಿಂದ ನೋಡುತ್ತಿದ್ದರು. ಶಿವರಂಜನ್ ಸೋತು ಹೇಳಿದ, “ಹೂಂ... ಸ್ವಲ್ಪ ದಪ್ಪ ಕಾಣ್ತಿದೆ.”

“ಸಿಕ್ತು ನೋಡು ನಂಬರ್!” ಎಂದ ವೆಂಕಟೇಶ, ತನ್ನ ತೊಡೆಯನ್ನು ತಾನೇ ತಟ್ಟಿಕೊಂಡು. ಐದೇ ನಿಮಿಷದಲ್ಲಿ ಚೌಕಟ್ಟು ಆರಿಸಿ, ಹೆಸರು ಬರೆದು, ಮಂಗಳವಾರ ಬರಲು ಹೇಳಿ ಕಳಿಸಿದ.

ನಾಲ್ಕೂವರೆಗೆ ಶಿವರಂಜನ್ ಸಭೆಗೆಂದು ಎಗ್ಮೋರಿನ ಮೆಟ್ರೋ ಹತ್ತಿದ. ಕೂರಲು ಜಾಗ ಸಿಕ್ಕಿತು. ಕುತೂಹಲ ಮತ್ತೆ ಕೆರೆಯತೊಡಗಿತು. ಕಣ್ಣಿಗೆ ಕಾಣದಿದ್ದರೆ ಹೋಗಲಿ, ಕಾಲು ಮಿಲಿಮೀಟರ್ ದಪ್ಪವಿರುವ ಚಿತ್ರ ಫೋನಿನಲ್ಲಿ ಸ್ವಲ್ಪ ಹೆಚ್ಚು ಜಾಗವನ್ನಾದರೂ ತಿನ್ನಬೇಕಲ್ಲ ಎಂದು ಎ ಚಿತ್ರದ ವಿವರ ತೆರೆದು ಅಳತೆ ನೋಡಿದ. ಬಿಯ ಅಳತೆ ನೋಡಿದ. ಎರಡೂ ಒಂದೇ. ತೆಗೆದ ದಿನ ಒಂದೇ, ಗಳಿಗೆ ಒಂದೇ. ಹೆಸರೂ ಒಂದೇ.

ಎ.ಸಿ. ಬೋಗಿಯಲ್ಲಿ ಶಿವರಂಜನ್ ಬೆವತುಹೋದ. ಬೆಳಿಗ್ಗೆ ಕಾಫಿ ಲೋಟ ಹಿಡಿದ ಆತುರದಲ್ಲಿ ಅವನ ಹೆಬ್ಬೆರಳು ಒಂದೇ ಚಿತ್ರವನ್ನು ಎರಡು ಸಲ ಒತ್ತಿತ್ತು. ಎ ಎಂಬುದೇ ಬಿ. ಹಾಗಾದರೆ ಮುರಿಗೆಪ್ಪನವರಿಗೆ ಕಂಡ ತುದಿ? ಕೃಷ್ಣರಾಜರಿಗೆ ಕಂಡ ವಾಲು? ಕೌಸಲ್ಯಾ ಅವರ ತಲೆನೋವು? ಒಂದು ಕ್ಷಣ ಅವನಿಗೆ ನಗುವೂ ಬಂತು, ಮರುಕ್ಷಣವೇ ಯೋಚನೆ ಹತ್ತಿತು. ಹೇಳಿದರೆ ಇಬ್ಬರು ಹಿರಿಯರ ಮಾನ ಹೋಗುತ್ತದೆ. ಹೇಳದಿದ್ದರೆ ಸರ್ವಾನುಮತ ಆಗುವುದಿಲ್ಲ, ಅಜಯ್ ಕೊಯಮತ್ತೂರಿಗೆ ಹೋಗುತ್ತಾನೆ, ಸಂಜೆಗಳೂ ಹೋಗುತ್ತವೆ.

ಕೃಷ್ಣರಾಜರ ಹೋಟೆಲಿನ ಮಹಡಿ ತುಂಬಿತ್ತು. ಕಿಟಕಿಯ ಕಡೆ ಎ ಪಕ್ಷ, ಕೈತೊಳೆಯುವ ತೊಟ್ಟಿಯ ಕಡೆ ಬಿ ಪಕ್ಷ. ಕೃಷ್ಣರಾಜರು ಮೆಟ್ಟಿಲ ಬಳಿ ನಿಂತು ಸಪ್ಲೈಯರಿಗೆ ಕಿಟಕಿಯ ಕಡೆ ಬೆರಳು ತೋರಿಸಿ ಹೇಳುತ್ತಿದ್ದರು, “ಅಂದ ಪಕ್ಕಂ ಕಾಪಿ ಮಟ್ಟುಂ!” ಅಂದರೆ ಎ ಕಡೆಯವರಿಗೆ ಕಾಫಿ ಮಾತ್ರ. ಬೋಂಡದ ತಟ್ಟೆಗಳೆಲ್ಲ ತೊಟ್ಟಿಯ ಕಡೆಗೇ ಹೋಗುತ್ತಿದ್ದವು.

“ನಿಮ್ಮ ಬೋಂಡಾ ನೀವ ತಿನ್ರಿ,” ಎಂದರು ಮುರಿಗೆಪ್ಪನವರು. “ನಾವು ನಮ್ಮ ಬುತ್ತಿ ಕಟ್ಟಿಕೊಂಡ ಬಂದೀವಿ.” ರಾಯಪುರಂನಿಂದ ವ್ಯಾನು ಮಾಡಿಕೊಂಡು ಬಂದ ಹನ್ನೆರಡು ಮಂದಿ ಆಗಲೇ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ್ದರು.

ನಡುವೆ ಸಂಘದ ಪುಸ್ತಕ ಮುಂದಿಟ್ಟುಕೊಂಡು ಕಾರ್ಯದರ್ಶಿ ಸುಮಿತ್ರಮ್ಮ ಕೂತಿದ್ದರು. ನಿವೃತ್ತ ಗಣಿತದ ಟೀಚರು, ಎಪ್ಪತ್ತಾರು ವರ್ಷ. ಅವರು ಪೆನ್ನಿನಿಂದ ಮೇಜು ಕುಟ್ಟಿದರೆ ಈಗಲೂ ದೊಡ್ಡವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಇವತ್ತು ಮಾತ್ರ ಕುಟ್ಟಿ ಕುಟ್ಟಿ ಪೆನ್ನಿನ ಮುಚ್ಚಳವೇ ಹಾರಿಹೋಗಿತ್ತು.

“ಎ ಆಗ್ಲಿಲ್ಲಂದ್ರ ಜಗಲಿ ಇವತ್ತ ಎರಡು ಹೋಳ!” ಎಂದರು ಮುರಿಗೆಪ್ಪನವರು.

“ಆಗ್ಲಿ, ಬಿ ಜಗಲಿಗೆ ಜಾಗ ನಮ್ಮ ಮಹಡಿಯಲ್ಲೇ ಉಂಟು!” ಎಂದರು ಕೃಷ್ಣರಾಜರು.

ಶಿವರಂಜನ್‌ಗೆ ತಡೆಯಲಾಗಲಿಲ್ಲ. ಎರಡು ವರ್ಷ ಅವನು ಬೆನ್ನು ಬಗ್ಗಿಸಿ ಕಟ್ಟಿದ ಜಗಲಿ ಅದು. ಕೈ ಮುಗಿದು ಎದ್ದು ನಿಂತ. “ದಯವಿಟ್ಟು ಕ್ಷಮಿಸಿ. ತಪ್ಪು ನಂದು. ನಾನು ಒಂದೇ ಚಿತ್ರಾನ ಎರಡು ಸಲ ಹಾಕಿದ್ದೀನಿ. ಎ, ಬಿ ಎರಡೂ ಒಂದೇ.”

 ವೆಂಕಟೇಶ ತನ್ನ ಕನ್ನಡಕ ತೆಗೆದು ಒರೆಸತೊಡಗಿದ. ಮುರಿಗೆಪ್ಪನವರ ಕೈಯಲ್ಲಿದ್ದ ರೊಟ್ಟಿ ಬಾಯಿಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಶಿವರಂಜನ್ ಬೈಗುಳಕ್ಕೆ ತಲೆ ತಗ್ಗಿಸಿ ಕಾದ.

ಮೊದಲು ಚೇತರಿಸಿಕೊಂಡವರು ಮುರಿಗೆಪ್ಪನವರು. “ನಾ ಮೊದಲ ಹೇಳಿದ್ನಿಲ್ಲೋ, ಎ ಚೆಂದ ಐತಿ ಅಂತ? ಈಗ ಬಿ ಅಂಬೋದೂ ಎ ನ ಆತಂದ್ರ, ಎಲ್ಲಾರೂ ಎ ಗೆ ಒಪ್ಪಿದಂಗಾತು.”

“ಹಾಗಲ್ಲ ಮಾರಾಯ್ರೆ, ನೀವು ಇಷ್ಟು ಹೊತ್ತು ಹೊಗಳಿದ್ದು ಬಿಯನ್ನೇ,” ಎಂದರು ಕೃಷ್ಣರಾಜರು. “ನಿಮಗೇ ಗೊತ್ತಿರಲಿಲ್ಲ, ಅಷ್ಟೇ.”

ಸುಮಿತ್ರಮ್ಮ ಮುಚ್ಚಳವಿಲ್ಲದ ಪೆನ್ನಿನಿಂದ ಕುಟ್ಟಿದರು. “ಸಾಕು. ಎ ಈಸ್ ಈಕ್ವಲ್ ಟು ಬಿ. ಈ ಚಿತ್ರ ಚೆನ್ನಾಗಿಲ್ಲ ಅನ್ನೋರು ಯಾರಾದ್ರೂ ಇದ್ದೀರಾ? ಇಲ್ಲ. ನಲವತ್ತು ವರ್ಷದಲ್ಲಿ ಇಂಥಾ ಸರ್ವಾನುಮತ ನಾನು ನೋಡಿಲ್ಲ. ಬರೀತೀನಿ, ಕೇಳಿ.” ಬರೆಯುತ್ತ ಗಟ್ಟಿಯಾಗಿ ಓದಿದರು: “ಚಿತ್ರದಲ್ಲಿ ತೋರಿಸಿರುವ ವಿಧಾನದಿಂದಲೇ, ಬೇರೆ ಯಾವುದರಿಂದಲೂ ಅಲ್ಲ, ಇಂದಿನಿಂದ ಒಂದು ವರ್ಷ ಜಗಲಿಯ ಎಲ್ಲ ಗಣಿತವನ್ನೂ ಬರೆಯತಕ್ಕದ್ದು.”

ಚಪ್ಪಾಳೆ ಬಿತ್ತು. ಬೋಂಡ ಕಿಟಕಿಯ ಕಡೆಗೂ ಬಂತು, ರೊಟ್ಟಿ ತೊಟ್ಟಿಯ ಕಡೆಗೂ ಹೋಯಿತು. ಎಲ್ಲರೂ ಸಹಿ ಹಾಕಿದರು, ಒಟ್ಟು ಮೂವತ್ತೆಂಟು.

ಶಿವರಂಜನ್‌ಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಮೂಲೆಗೆ ಹೋಗಿ ಹೆಂಡತಿಗೆ ಫೋನು ಮಾಡಿದ. “ಶಿಲ್ಪಾ, ಆಯ್ತು ಕಣೇ! ನಾಳೆಯಿಂದ ಅವರವರದ್ದು ಅವರವರೇ ಬರ್ಕೋತಾರೆ. ಸಂಜೆ ಎಲ್ಲ ನಂದೇ.”

 ಆ ಕಡೆಯಿಂದ ಉತ್ತರ ಬಂತು, ಮದುವೆಯಾದ ಹೊಸತರ ದನಿಯಲ್ಲಿ. “ನಾಳೆವರೆಗೆ ಯಾಕೆ? ಈಗಲೇ ಮೆಟ್ರೋ ಹತ್ತಿ ಬರ್ತೀನಿ ಇರಿ. ಹಾಗೇ ಬೀಚಿಗೆ ಹೋಗೋಣ.”

ಅವನು ಚಿತ್ರವನ್ನು ಅಜಯ್‌ಗೆ ಕಳಿಸಿ, ‘ಎಲ್ಲರೂ ಒಪ್ಪಿದ್ದಾರೆ, ಇದನ್ನೇ ಜೋಡಿಸು’ ಎಂದು ಬರೆದ. ಇಪ್ಪತ್ತು ನಿಮಿಷದ ಮೇಲೆ ಅಜಯ್ ಫೋನು ಮಾಡಿದ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಲು ಸುಮಿತ್ರಮ್ಮ ಅಪ್ಪಣೆ ಮಾಡಿದರು.

“ಸರ್, ಇದನ್ನ ನಾನು ಎಪ್ಪಡಿ... ಹೇಗೆ ಜೋಡಿಸೋದು?” ಎಂದ ಅಜಯ್. “ಇದು ನಾನು ಕಳಿಸಿದ್ದು ಅಲ್ಲವೇ ಅಲ್ಲ. ಸೂತ್ರ ಹೀಗಿರಬೇಕು ಅಂತ ಮಾದರಿಗೆ ನೀವೇ ಟೈಪ್ ಮಾಡಿ ಕೊಟ್ರಲ್ಲ, ಅದೇ ಪಿಕ್ಚರ್ ಸರ್ ಇದು. ನಾನು ಕಳಿಸಿದ ಎರಡನ್ನೂ ನೀವು ಇನ್ನೂ ತೆರೆದೇ ಇಲ್ಲ ಅನ್ಸುತ್ತೆ.”

ಶಿವರಂಜನ್ ಅಜಯ್ ಜೊತೆಗಿನ ಮಾತುಕತೆ ತೆರೆದ. ಮೇಲೆ ತಾನು ಕಳಿಸಿದ ಮಾದರಿ, ಸ್ಫಟಿಕದಷ್ಟು ಸ್ಪಷ್ಟ. ಅದರ ಕೆಳಗೆ ಅಜಯ್‌ನ ಎರಡು ಚಿತ್ರ, ಇಬ್ಬನಿ ಮುಸುಕಿದಂತೆ ಮಸಕು ಮಸಕು. ಫೋನಿನಲ್ಲಿ ಜಾಗವಿಲ್ಲದ್ದರಿಂದ ಅವು ಇಳಿದೇ ಇರಲಿಲ್ಲ, ಬೆಳಿಗ್ಗೆ ಹೆಬ್ಬೆರಳು ಎರಡು ಸಲ ಒತ್ತಿದ್ದು ಮೇಲಿನ ಮಾದರಿಯನ್ನೇ. ಜಾಗವನ್ನೆಲ್ಲ ತಿಂದದ್ದು ಜಗಲಿಯವರು ಕಳಿಸಿದ ಆರು ಸಾವಿರ ಲೆಕ್ಕದ ಫೋಟೋಗಳು.

ಸುಮಿತ್ರಮ್ಮ ಪುಸ್ತಕ ತೆರೆದು ಮತ್ತೊಮ್ಮೆ ಓದಿಕೊಂಡರು. ಅವರ ಮುಖ ಅರಳಿತು. “ಅಂದ್ರೆ, ಚಿತ್ರದಲ್ಲಿರೋ ವಿಧಾನ ಅಂದ್ರೆ ನಮ್ಮ ಶಿವರಂಜನ್ ಕೈಯಲ್ಲಿ ಟೈಪ್ ಮಾಡೋ ವಿಧಾನ! ಅದನ್ನೇ ನಾವೆಲ್ಲ ಸರ್ವಾನುಮತದಿಂದ ಆರಿಸಿದ್ದೀವಿ.”

“ನನಗೆ ಗೊತ್ತಿತ್ತು ಮಾರಾಯ್ರೆ, ಇದು ಯಂತ್ರದ ಕೆಲಸ ಅಲ್ಲ, ಕೈರುಚಿ ಅಂತ!” ಎಂದರು ಕೃಷ್ಣರಾಜರು. ಮುರಿಗೆಪ್ಪನವರು ಎದ್ದು ಬಂದು ಶಿವರಂಜನ್‌ನ ಬೆನ್ನು ಚಪ್ಪರಿಸಿದರು. “ಶಾಬ್ಬಾಸ್ ತಮ್ಮಾ. ಹೆಂಗೂ ಇಲ್ಲೇ ಅದೀ. ಈ ನಾಕ ಹಾಳಿ ಇಟಗೋ, ಹೋದ ವಾರದ್ದು.” ಅದನ್ನು ಕಂಡು ಉಳಿದವರೂ ಜೇಬು, ಚೀಲ ತಡಕಿ ತಂತಮ್ಮ ಲೆಕ್ಕದ ಹಾಳೆಗಳನ್ನು ತೆಗೆದರು.

“ಆದ್ರೆ... ಅದು...” ಎಂದ ಶಿವರಂಜನ್. ಗಂಟಲವರೆಗೆ ಏನೋ ಬಂತು. “ಆಗಲಿ,” ಎಂದ.

ಆಗಲೇ ಶಿಲ್ಪಶ್ರೀ ಮೆಟ್ಟಿಲು ಹತ್ತಿ ಬಂದಳು. ನವಿಲುಬಣ್ಣದ ಸೀರೆ, ತುರುಬಿಗೆ ಮಲ್ಲಿಗೆಯ ದಂಡೆ. ಕಾಗದದ ರಾಶಿಯ ಹಿಂದೆ ಗಂಡನ ಹಣೆ ಮಾತ್ರ ಕಾಣುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಕೌಸಲ್ಯಾ ನಡೆದದ್ದನ್ನೆಲ್ಲ ಸಂತೋಷದಿಂದ ಹೇಳಿದರು. ಶಿಲ್ಪಶ್ರೀ ಅಳಲಿಲ್ಲ, ಕೂಗಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರವಾಗಿ ಸುಮಿತ್ರಮ್ಮನ ಮುಂದೆ ಹೋಗಿ ನಿಂತಳು.

“ಅಮ್ಮಾ, ನಿಮ್ಮ ನಿಯಮದಲ್ಲಿ ಒಬ್ಬರು ಒಪ್ಪದಿದ್ರೂ ತೀರ್ಮಾನ ನಿಲ್ಲಲ್ಲ ಅಲ್ವಾ?”

“ನಿಲ್ಲಲ್ಲ ಕಣಮ್ಮ. ಅದು ನಲವತ್ತು ವರ್ಷದ ನಿಯಮ.”

“ಹಾಗಾದ್ರೆ ಇವರು ಒಪ್ಪಿಲ್ಲ. ಎರಡು ವರ್ಷದಿಂದ ಸಾಕಾಗಿಹೋಗಿದೆ ಇವರಿಗೆ. ನೀವು ಇವರನ್ನ ಕೇಳೇ ಇಲ್ಲ.”

 ಕಾಗದದ ರಾಶಿಯ ಹಿಂದೆ ಶಿವರಂಜನ್‌ನ ಕಣ್ಣಿನಲ್ಲಿ ಆಸೆ ಮಿನುಗಿತು. ಹದಿನೈದು ವರ್ಷದ ದಾಂಪತ್ಯದಲ್ಲಿ ಹೆಂಡತಿ ಇಷ್ಟು ಚೆಲುವೆಯಾಗಿ ಅವನಿಗೆ ಎಂದೂ ಕಂಡಿರಲಿಲ್ಲ.

ಸುಮಿತ್ರಮ್ಮ ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಮೂವತ್ತೆಂಟು ಸಹಿಗಳಲ್ಲಿ ಎಲ್ಲಕ್ಕಿಂತ ಮೊದಲಿನದು, ಎಲ್ಲಕ್ಕಿಂತ ದೊಡ್ಡದು, ಕೆಳಗೆ ಸಂಭ್ರಮದ ಎರಡು ಗೆರೆ ಬೇರೆ ಎಳೆದದ್ದು, ಅವಳ ಗಂಡನದೇ ಆಗಿತ್ತು.